ಮುಟ್ಟುವ ಮುನ್ನ ಒಂದು ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃದ್ಧಾಶ್ರಮದ ಉದ್ದನೆಯ ಕೋಣೆಯಲ್ಲಿ ಬಿಸಿನೀರಿನ ಬೋಗುಣಿ ಹಿಡಿದ ಆಯಾ ಕೊನೆಯ ಮಂಚದ ಬಳಿ ನಿಲ್ಲುತ್ತಾರೆ. ಮೊದಲು ಮಾತು, ಆಮೇಲೆ ನೀರು.

"ಅಜ್ಜಾ, ನಾನು ಬಂದೆ. ಈಗ ಎಡಗೈ ಹಿಡ್ಕೋತೀನಿ. ಬಟ್ಟೆ ಬೆಚ್ಚಗಿದೆ."

ಮಂಚದಲ್ಲಿರುವುದು ಕಣ್ಣು ಕಾಣದ ಮುದುಕ, ಒಂದು ಕಾಲದ ಬಡಗಿ. "ಬೆಚ್ಚಗಿದೆ ಅಂತ ದಿನಾ ಹೇಳ್ತೀಯ, ದಿನಾ ಸುಡುತ್ತೆ," ಎನ್ನುತ್ತಲೇ ಕೈ ಚಾಚುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಈಕೆ ರೇಡಿಯೋ ಅಕ್ಕ. ಹದಿಮೂರು ಮಂದಿಯ ಮೈ ಒರೆಸಿ, ಹಾಸಿಗೆ ಬದಲಿಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಮಾಡಿಸುವಷ್ಟರಲ್ಲಿ ಬಿಸಿಲು ಕಿಟಕಿ ದಾಟಿರುತ್ತದೆ. ಅಲ್ಲಿಯವರೆಗೆ ಬಾಯಿಗೆ ಬಿಡುವಿಲ್ಲ. ಇದು ತಾಯಿ ಕಲಿಸಿದ್ದು. "ಅಮ್ಮ ಹಾಲು ಕರೆಯೋಳು. ಮಾತಾಡಿಸ್ದೆ ಹಸುವಿನ ಹತ್ರ ಹೋಗ್ಬೇಡ, ಒದೆ ತಿಂದ್ರೆ ತಪ್ಪು ನಿಂದೇ ಅನ್ನೋಳು." ಮದುವೆಯಾದ ಮೇಲೆ ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡರು. ಗಾರೆ ಕೆಲಸದ ಗಂಡ ಸೊಂಟ ಮುರಿದುಕೊಂಡು ಮನೆಯಲ್ಲಿ ಕೂತಾಗ, ಕೈಗೆ ಗೊತ್ತಿದ್ದ ಕೆಲಸ ಇದೊಂದೇ.

ಈ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅವರು ಆ ಮಾತನ್ನೇ ಬಿಟ್ಟಿದ್ದರು. "ಪಾಳಿ ಇರೋದ್ರಿಂದ ಚರ್ಚಲ್ಲಿ ಬೆಳಗಿನ ಪೂಜೆ ತಪ್ಪುತ್ತೆ. ಕೆಲಸದಲ್ಲೇ ದೇವರು ಹತ್ರ ಬರ್ಲಿ ಅಂತ ಆಸೆ. ಪ್ರೀತಿಯಿರೋದನ್ನ ಬಿಡ್ಬೇಕಲ್ಲ, ನಂಗೆ ಪ್ರೀತಿ ಮಾತು." ನಾದಿನಿ ನಕ್ಕುಬಿಟ್ಟರಂತೆ: "ಮಾಂಸ ಬಿಡಿ ಅತ್ತಿಗೆ. ಮಾತು ಬಿಟ್ರೆ ನಿಮಗೆ ಜ್ವರ ಬರುತ್ತೆ."

ತಪಸ್ಸುಕಾಲದ ಮೊದಲ ದಿನ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡ ಮರುದಿನವೇ ಮೌನ ಶುರುವಾಯಿತು. ಕಣ್ಣಿದ್ದವರು ಸನ್ನೆಗೆ ಹೊಂದಿಕೊಂಡರು. ಬಡಗಿ ಅಜ್ಜನಿಗೆ ಸನ್ನೆ ಎಲ್ಲಿ ಕಾಣಬೇಕು? ಕತ್ತಲೊಳಗಿಂದ ಯಾರದೋ ಕೈ ಬರುತ್ತದೆ, ಅಂಗಿ ಬಿಚ್ಚುತ್ತದೆ, ಮಗ್ಗುಲಿಗೆ ತಳ್ಳುತ್ತದೆ. ಮುದುಕ ಮುದುಡಿಕೊಂಡರು. ತುಟಿಗೆ ಚಮಚ ತಾಗಿದರೆ ಹಲ್ಲು ಕಚ್ಚಿದರು. "ಹಟ ಮಾಡ್ತಿದಾರೆ, ಇದೂ ಒಂದು ಪರೀಕ್ಷೆ ಅನ್ಕೊಂಡೆ. ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಕೊಂಡೆ," ಎಂದು ಹೇಳುವಾಗ ಅವರು ತಲೆ ಎತ್ತುವುದಿಲ್ಲ.

ಡಾಕ್ಟರು ಬಂದು ನೋಡಿದರು. ಹೀಗೇ ಅನ್ನ ಬಿಟ್ಟರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು. ಆ ಕೋಣೆಯಿಂದ ಆಸ್ಪತ್ರೆಗೆ ಹೋದವರು ತಿರುಗಿ ಬಂದದ್ದು ಕಡಿಮೆ.

ಅಂದು ಸಂಜೆ ಮುದುಕ ಪಕ್ಕದ ಮಂಚದವರನ್ನು ಕೇಳಿದರು: "ಆ ಹುಡುಗಿ ಕೆಲಸ ಬಿಟ್ಲಾ? ಏನಾದ್ರೂ ಆಯ್ತಾ ಅವಳಿಗೆ? ನಂಗ್ಯಾರೂ ಹೇಳ್ತಾನೇ ಇಲ್ಲ."

"ನಾನು ಅವರ ಕಾಲ ಹತ್ರಾನೇ ನಿಂತಿದ್ದೆ, ಚಾದರ ಹಿಡ್ಕೊಂಡು. ಇಲ್ಲೇ ಇದೀನಿ ಅಜ್ಜಾ ಅಂದೆ," ಎನ್ನುತ್ತಾರೆ ಆಯಾ.

"ಇಷ್ಟ್ ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಬೈದ ಮುದುಕ, ಆಮೇಲೆ ಅತ್ತರು. ಗಂಜಿ ಅಂದು ಎರಡೇ ಚಮಚ ಇಳಿಯಿತು. ಪೂರ್ತಿ ಬಟ್ಟಲು ಖಾಲಿಯಾಗಲು ವಾರವೇ ಬೇಕಾಯಿತು. ಈಗಲೂ ಹೊಸಬರ ಕೈ ತಾಗಿದರೆ ಬೆಚ್ಚುತ್ತಾರೆ.

ಮೌನ ಮುರಿದದ್ದಕ್ಕೆ ಆಯಾಗೆ ಸಮಾಧಾನವಿದೆಯೇ? ಒದ್ದೆ ಬಟ್ಟೆ ಹಿಂಡಿ ಬೋಗುಣಿಯ ಅಂಚಿಗೆ ಹಾಕುತ್ತಾರೆ. "ದೇವರಿಗೆ ಕೊಟ್ಟ ಮಾತು, ಚುಚ್ಚುತ್ತೆ. ಆದ್ರೆ ಕಣ್ಣು ಕಾಣದೋರಿಗೆ ನಾವು ಇದೀವಿ ಅಂತ ಗೊತ್ತಾಗೋದು ಹೇಳಿದ್ರೆ ತಾನೆ? ನಾನೂ ದೇವರ ಹತ್ರ ಕೇಳ್ಕೊಳ್ಳೋದು ಅದನ್ನೇ. ಒಂದ್ಸಲ 'ಇದೀನಿ' ಅನ್ನು, ಸಾಕು ಅಂತ."

ಈಸ್ಟರ್ ಬೆಳಗಿನ ಪೂಜೆಗೆ ಹೋಗಿ ಅವರಿಗೆ ಎಷ್ಟೋ ವರ್ಷವಾಯಿತು. ಈ ಸಲ ರಜೆ ಕೊಡುತ್ತೇನೆಂದು ಮೇಲ್ವಿಚಾರಕಿ ತಾವಾಗಿಯೇ ಹೇಳಿದ್ದಾರೆ. ಆಯಾ ಬೇಡವೆಂದಿದ್ದಾರೆ.

"ಸಂಜೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಬರ್ತೀನಿ. ಅವತ್ತು ಬೆಳಿಗ್ಗೆ ಅಜ್ಜನಿಗೆ ಹೊಸ ಕೈ ಬೇಡ."