ನಾಯಿಯ ಕಾಲಲ್ಲಿ ತೀರಿಸಿದ ಹರಕೆ

ಸೊಲ್ಲಾಪುರದಲ್ಲಿ ನಾಯಿ ಅಡ್ಡಾಡಿಸುವ ಕೆಲಸ ಹಿಡಿದಿದ್ದೇನೆ ಎಂದು ಗೊತ್ತಾದ ದಿನ ನನ್ನ ಅತ್ತೆ ಊಟ ಬಿಟ್ಟರು. ಕುಂಭಾರಿಯಲ್ಲಿ ನಮ್ಮದು ಹೊಲ, ಬಾವಿ ಇರುವ ಮನೆತನ. ಸೊಸೆ ವಿಜಾಪುರ ರಸ್ತೆಯ ಸಾವುಕಾರರ ಮನೆಯಲ್ಲಿ ಅಡುಗೆ ಮಾಡುತ್ತಾಳೆ ಎಂಬುದನ್ನೇ ಅವರು ಹೇಗೋ ನುಂಗಿಕೊಂಡಿದ್ದರು.

"ಭಾಕರಿ ಬಡಿಯೂದು ಬಿಟ್ಟು ನಾಯಿ ಬಾಲ ಹಿಡಕೊಂಡು ತಿರಗಾಕತ್ತಿ ಏನ?" ಎಂದರು.

"ಬಾಲ ಅಲ್ರಿ ಅತ್ತಿ, ಹಗ್ಗ," ಎಂದೆ. ಆಮೇಲೆ ಎರಡು ದಿನ ಮಾತೂ ಬಿಟ್ಟರು. ಕೆಲಸ ಮುಗಿಸಿ ಬಂದರೆ ಸ್ನಾನ ಮಾಡದೆ ಒಳಗೆ ಕಾಲಿಡುವಂತಿರಲಿಲ್ಲ.

ಈ ಕೆಲಸವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಸಾವುಕಾರರದು ದೊಡ್ಡ ಬಟ್ಟೆ ಅಂಗಡಿ. ಮಗಳನ್ನು ನೋಡಲು ಬರುವ ಬೀಗರ ಕಣ್ಣಿಗೆ ಬೀಳಲಿ ಎಂದು ಒಂದು ಹಸ್ಕಿ ನಾಯಿ ತಂದಿದ್ದರು. ಹಿಮದಲ್ಲಿ ಗಾಡಿ ಎಳೆಯುವ ಜಾತಿ. ಸೊಲ್ಲಾಪುರದಲ್ಲಿ ಹಿಮ ಇರುವುದು ಕುಲ್ಫಿಯವನ ಡಬ್ಬಿಯಲ್ಲಿ ಮಾತ್ರ. ಎಳೆಯಲು ಗಾಡಿ ಸಿಗದ ಆ ನಾಯಿ ಒಂದು ಬೆಳಿಗ್ಗೆ ಸಾವುಕಾರರ ಹೆಂಡತಿಯನ್ನೇ ಎಳೆದುಕೊಂಡು ಗೇಟು ದಾಟಿತು. ನಾನು ಕೈಯಲ್ಲಿದ್ದ ಹಿಟ್ಟು ಒರೆಸದೆ ಓಡಿ ಹಗ್ಗ ಹಿಡಿದೆ. ತವರುಮನೆ ವಾಗದರಿಯಲ್ಲಿ ಹೋರಿ ಹಿಡಿದು ಬೆಳೆದ ಕೈ, ನಾಯಿ ಯಾವ ಲೆಕ್ಕ! ಅವತ್ತಿನಿಂದ ಸೌಟು ಹೋಗಿ ಹಗ್ಗ ಬಂತು, ಪಗಾರವೂ ಏರಿತು. ಅದೇ ಓಣಿಯಲ್ಲಿದ್ದ ಅವರ ಅಣ್ಣತಮ್ಮಂದಿರೂ ತಮ್ಮ ತಮ್ಮ ನಾಯಿಗಳನ್ನು ನನಗೆ ಒಪ್ಪಿಸಿದರು. ಸಾಕಿದವರು ಅವರು, ಹೇಲು ಬಾಚುವವಳು ನಾನು.

ಹೌದು, ಬಾಚುತ್ತಿದ್ದೆ. ಹಳೆಯ ಪೇಪರು, ಒಂದು ಚೀಲ ಯಾವಾಗಲೂ ನನ್ನ ಸೊಂಟದಲ್ಲಿ. ಅದಕ್ಕೂ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಸಾವುಕಾರರ ತಕರಾರು.

"ಮಾವಶಿ, ರಸ್ತೆದಾಗ ಹಂಗ ಎತ್ತಬ್ಯಾಡ್ರಿ. ಮಂದಿ ನೋಡತಾರ, ನಮ್ಮ ಮನಿ ಮರ್ಯಾದಿ ಹೋಗತದ."

ಎದುರುಮನೆಯವರ ರಂಗೋಲಿಯ ಮೇಲೆ ನಾಯಿ ಕೂತರೆ ಹೋಗದ ಮರ್ಯಾದೆ, ಅದನ್ನು ತೆಗೆದರೆ ಹೋಗುತ್ತದಂತೆ. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ. ನಾನು ಹೂಂ ಎಂದು ಮರುದಿನವೂ ಬಾಚಿದೆ.

ಆ ಮನೆಯಲ್ಲಿ ಗುರುವಾರ ಬಂತೆಂದರೆ ನಾಯಿಗೆ ಹಬ್ಬ. ದೇವರ ಕೋಣೆಯ ದತ್ತನ ಪಟದಲ್ಲಿ ದೇವರ ಕಾಲ ಬಳಿ ನಾಲ್ಕು ನಾಯಿಗಳಿವೆಯಲ್ಲ, ತಮ್ಮದೂ ಅದೇ ವಂಶದ್ದು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ನೈವೇದ್ಯದ ಹೋಳಿಗೆ, ಮೇಲೆ ತುಪ್ಪ, ಆಮೇಲೆ ಪೇಢೆ. ಬೇಡವೆಂದು ನಾನು ಹೇಳಿದ್ದುಂಟು. "ಪ್ರಸಾದಕ್ಕ ಬ್ಯಾಡ ಅನಬಾರ್ದ್ರಿ" ಎಂದು ವೈನಿ, ಅಂದರೆ ಸಾವುಕಾರರ ಹೆಂಡತಿ, ನನ್ನ ಬಾಯಿ ಮುಚ್ಚಿಸಿದರು. ಒಂದು ಗುರುವಾರ ನಾಯಿ ವಾಂತಿ ಮಾಡಿಕೊಂಡು ಬಿತ್ತು. ದನದ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಡಾಕ್ಟರು ಹೋಳಿಗೆಯ ವಿಷಯ ಕೇಳಿ ಉಗಿದದ್ದು ನನಗೆ ಬಹಳ ಸಮಾಧಾನ ಕೊಟ್ಟಿತು. ಅತ್ತ ವೈನಿ ಕಟ್ಟೆಯ ಮೇಲೆ ಕೂತು ಕೈಮುಗಿದು, ದತ್ತನ ಅವತಾರವೆನ್ನುವ ಅಕ್ಕಲಕೋಟದ ಸ್ವಾಮಿಗಳಿಗೆ ನವಸ, ಅಂದರೆ ಹರಕೆ, ಹೊತ್ತರು: "ನನ್ನ ಕೂಸು ಉಳದ್ರ ಅಕ್ಕಲಕೋಟಕ್ಕ ನಡಸಗೋತ ಕರಕೊಂಡ ಬರ್ತೀನಿ ಸ್ವಾಮಿ."

ಕೂಸು ಉಳಿಯಿತು. ದೀಪಾವಳಿಗೆ ಅಂಗಡಿ ಬಿಡುವಂತಿರಲಿಲ್ಲ, ಆಮೇಲೆ ಮದುವೆಗಳ ಲಗ್ನಸರಾಯಿ. ಹಿತವಾದ ಚಳಿಗಾಲವೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕಳೆದು, ಮಕ್ಕಳಿಗೆ ಸೂಟಿ ಎಂದು ಮೇ ತಿಂಗಳು ಗೊತ್ತುಮಾಡಿದರು.

"ಈ ಬಿಸಲಾಗ ಬ್ಯಾಡ್ರಿ ಸಾವ್ಕಾರ್ರ. ಡಾಂಬರ ಕಾದಿರತದ, ನಾಯಿ ಕಾಲಾಗ ಚಪ್ಪಲಿ ಇರಂಗಿಲ್ಲ," ಎಂದೆ.

"ನವಸ ಬಾಕಿ ಇಡಬಾರ್ದು ಮಾವಶಿ. ನೀವು ಬರಂಗಿಲ್ಲಂದ್ರ ಅಂಗಡಿ ಆಳಮನಷ್ಯಾನ್ನ ಕಳಸತೀನಿ."

ಆ ಆಳು ನಾಯಿಯನ್ನು ಮೂಟೆಯಂತೆ ಎಳೆದುಕೊಂಡು ಹೋಗುತ್ತಿದ್ದ. ಹಾಗಾಗಿ ಒಪ್ಪಿದೆ. ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲೇ ಅಕ್ಕಲಕೋಟದ ದಾರಿಯಲ್ಲೇ ಇರುವ ಕುಂಭಾರಿಯ ನಮ್ಮ ಮನೆ ಸೇರಬೇಕು, ಹಗಲೆಲ್ಲ ನೆರಳಲ್ಲಿ ಕಳೆದು ಸಂಜೆ ಮುಂದಕ್ಕೆ ಹೋಗಬೇಕು ಎಂದು ಮಾತಾಯಿತು.

ಹೊರಡುವ ದಿನ ನಾನು ಕತ್ತಲಲ್ಲೇ ಹಗ್ಗ ಹಿಡಿದು ನಿಂತೆ. ಅವರದು ಆರತಿ ಆಯಿತು, ನಾಯಿಗೆ ಕುಂಕುಮವಾಯಿತು, ಕೇಸರಿ ಶಲ್ಯ, ಹಾರವಾಯಿತು. ನೆಂಟರು ಬರುವುದು ತಡವಾಯಿತೆಂದು ಆರತಿ ಇನ್ನೊಮ್ಮೆ ಆಯಿತು. ಬಿಸಿಲು ಅಂಗಳಕ್ಕಿಳಿದ ಮೇಲೆ ಇಡೀ ಮನೆತನ ಬರಿಗಾಲಲ್ಲಿ ಓಣಿಯ ಮೂಲೆಯತನಕ ನಡೆದು ವಿಡಿಯೋ ಮಾಡಿಸಿಕೊಂಡಿತು. ಮೂಲೆಯಲ್ಲಿ ಚಪ್ಪಲಿಗಳ ಸಮೇತ ಎಸಿ ಕಾರು ಕಾದಿತ್ತು.

"ನೀವು ಮುಂದ ನಡೀರಿ. ನಾವು ನಾಷ್ಟಾ ಮಾಡಿ ಹಿಂದ ಬಂದs ಬಿಟ್ವಿ," ಎಂದರು ಸಾವುಕಾರರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಊರು ದಾಟುತ್ತಲೇ ಶಲ್ಯ, ಹಾರ ಕಿತ್ತು ಚೀಲಕ್ಕೆ ತುರುಕಿದೆ. ಸಿಕ್ಕಲ್ಲೆಲ್ಲ ನೀರು ಕುಡಿಸಿದೆ, ತಲೆಗೆ ಹಾಕಿದೆ. ಹಿಂದಿನಿಂದ ಬಂದ ಪಾದಯಾತ್ರೆಯವರು ನಾಯಿಗೆ ಕೈಮುಗಿದು ಮುಂದೆ ಹೋದರು, ನೆರಳಿಗೆ ಕರೆದುಕೊಂಡು ಹೋಗು ಎಂದು ಒಬ್ಬರೂ ಹೇಳಲಿಲ್ಲ. ಕುಂಭಾರಿ ಹತ್ತಿರವಾಗುವಾಗ ನಾಯಿ ಒಂದೊಂದೇ ಕಾಲು ಎತ್ತಿ ಎತ್ತಿ ಇಡತೊಡಗಿತು. ಅಂಚಿನ ಮಣ್ಣಿಗೆ ಇಳಿಸಿದರೆ ಅದೂ ಕಾದ ಹಂಚು. ಬಸ್ ನಿಲ್ದಾಣದ ಬಳಿ ಮಲಗಿಬಿಟ್ಟಿತು. ನಾಲಿಗೆ ಕಪ್ಪುಗೆಂಪಾಗಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕರು ಹೊತ್ತಂತೆ ಹೆಗಲಿಗೇರಿಸಿಕೊಂಡು ಮನೆಗೆ ಓಡಿದೆ.

ಬೇವಿನ ನೆರಳಲ್ಲಿ ಇಳಿಸಿದಾಗ ಅತ್ತೆ ಕಟ್ಟೆಯ ಮೇಲಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ ಕುಡಿಯುವ ನೀರಿನ ಕೊಡವನ್ನೇ ತಂದು ನಾಯಿಯ ಹೊಟ್ಟೆಯ ಮೇಲೆ, ಕಾಲುಗಳ ಮೇಲೆ ಸುರಿದರು. ಸ್ನಾನ ಮಾಡದ ಹೊರತು ನನ್ನನ್ನೇ ಒಳಗೆ ಬಿಡದ ಅತ್ತೆ! ಆಮೇಲೆ ಅದರ ಮುಂಗಾಲು ತಿರುಗಿಸಿ ನೋಡಿ, "ಅಯ್ಯ ಪಾಪಾ, ತೊಗಲs ಕಿತ್ತು ಬಂದಾದಲ್ಲs," ಎಂದರು. ನನಗೆ ಅಳು ಬಂತು, ಅಳುವಷ್ಟು ಪುರುಸೊತ್ತು ಇರಲಿಲ್ಲ. ನಾಯಿಯ ಉಸಿರು ನಿಧಾನಕ್ಕೆ ಹದಕ್ಕೆ ಬರುವ ಹೊತ್ತಿಗೆ ಕಾರು ಬಂತು.

"ಹತ್ತ ಮಿಂಟ ಕೂಡಸ್ರಿ, ಆಮ್ಯಾಲ ಹೊಂಡೂಣು. ಅರ್ಧಕ್ಕ ಬಿಟ್ಟ್ರ ನವಸ ಮುರೀತದ," ಎಂದರು ಸಾವುಕಾರರು.

"ಇದು ಇನ್ನ ಒಂದ ಹೆಜ್ಜಿ ಇಡಂಗಿಲ್ರಿ," ಎಂದೆ. ಇವರು ಕೆಲಸ ಬಿಡಿಸಿದರೆ ಓಣಿಯ ಅಷ್ಟೂ ಮನೆಗಳು ನನ್ನನ್ನು ಬಿಡಿಸುತ್ತವೆ ಎಂದು ಗೊತ್ತಿತ್ತು. ಆದರೂ ಹಗ್ಗ ಕೊಡಲಿಲ್ಲ.

ಆಗ ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ಕೂಸಿನ ಸಲುವಾಗಿ ಹರಕಿ ಹೊತ್ತ್ರ ಕೂಸಿನ್ನ ನಡಸತಾರೇನ್ರಿ? ಅವ್ವ ಅಪ್ಪ ನಡೀತಾರ. ಬೇಡಕೊಂಡ ಬಾಯಿ ನಿಮ್ದು, ಕಾಲೂ ನಿಮ್ದs ಇರ್ಲಿ. ನಾಯಿ ಗಾಡ್ಯಾಗ ಕೂಡ್ಲಿ."

ನಮ್ಮ ಬಾವಿಯ ನೀರು ಕುಡಿಯಲು ನಿಂತಿದ್ದ ಪಾದಯಾತ್ರೆಯವರು "ಖರೇ ಮಾತು" ಎಂದರು. ಅಷ್ಟು ಜನರೆದುರು ಸಾವುಕಾರರಿಗೆ ಬೇರೆ ದಾರಿ ಇರಲಿಲ್ಲ. ಚಪ್ಪಲಿ ಕಳಚಿ, ಸ್ವಾಮಿಗಳ ಹೆಸರು ಹೇಳಿ, ನೆರಳು ದಾಟಿ ಡಾಂಬರಿಗೆ ಇಳಿದರು. ಕೆಲವೇ ಹೆಜ್ಜೆ. ಕುಣಿಯುತ್ತ ವಾಪಸು ಓಡಿಬಂದರು.

"ಮಾವಶಿ, ಕಾಲ ಸುಡತಾವ್ರಿ!"

ಲೋಕದಲ್ಲಿ ಮೊದಲು ಇವರಿಗೇ ಗೊತ್ತಾದ ಸಂಗತಿ ಎಂಬಂತೆ ಹೇಳಿದರು. ಪಾದಯಾತ್ರೆಯವರು ನಕ್ಕರು. ನಾನು ಮಾತ್ರ ನಗಲಿಲ್ಲ, ಸಿಟ್ಟು ಅಷ್ಟಿತ್ತು. ನಾಯಿಯ ಮುಂಗಾಲು ತಿರುಗಿಸಿ ಹಿಡಿದೆ. ವೈನಿ ಅದನ್ನು ನೋಡಿ ಹೋ ಎಂದು ಅತ್ತು, ಗಂಡ ಸೀಟು ಹೊಲಸಾಗುತ್ತದೆ ಎನ್ನುತ್ತಿದ್ದರೂ ಕೇಳದೆ ನಾಯಿಯನ್ನು ಕಾರಿನಲ್ಲಿ ಮಲಗಿಸಿಕೊಂಡು ಡಾಕ್ಟರ ಕಡೆ ತಿರುಗಿಸಿದರು.

ನಾಯಿ ಬದುಕಿತು. ನನ್ನನ್ನು ಕೆಲಸದಿಂದ ಬಿಡಿಸಿದ್ದರು. ಆದರೆ ಬೇರೆ ಯಾರು ಹಗ್ಗ ಹಿಡಿದರೂ ಅದು ಗೇಟು ದಾಟುವುದಿಲ್ಲ ಎಂದು ಮತ್ತೆ ಕರೆಸಿದರು. ಮುಂಗಾಲಿನ ಗಾಯ ಮಾಯ್ದರೂ ತೊಗಲು ಮೊದಲಿನಂತೆ ಬರಲಿಲ್ಲ, ಸ್ವಲ್ಪ ಕುಂಟುತ್ತದೆ.

ಮೊನ್ನೆ ಮಗಳನ್ನು ನೋಡಲು ಬೀಗರು ಬಂದಿದ್ದರು. ಯಾಕೆ ಕುಂಟುತ್ತದೆ ಎಂದು ಕೇಳಿದರು. "ಅಕ್ಕಲಕೋಟಕ್ಕ ನಡಕೋತ ಹೋಗಿ ಬಂದಾನ್ರಿ," ಎಂದು ಸಾವುಕಾರರು ಎದೆ ಉಬ್ಬಿಸಿ ಹೇಳಿದರು. ಬೀಗರ ಕಣ್ಣು ತುಂಬಿ ಬಂತು. ಹಿರಿಯರೊಬ್ಬರು ಭಕ್ತಿಯಿಂದ ಬಗ್ಗಿ ಅದರ ಕಾಲು ಮುಟ್ಟಿ ನಮಸ್ಕರಿಸಲು ಹೋದರು. ನಾಯಿ ಆ ಕಾಲನ್ನು ಹಿಂದಕ್ಕೆಳೆದುಕೊಂಡು ನನ್ನ ಸೀರೆಯ ಮರೆಗೆ ಬಂದು ನಿಂತಿತು.