ಹುರುಳಿ ಹಾಸಿದ ದಾರಿ

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ನನ್ನದೊಂದು ಮುದ್ರಣದ ಅಂಗಡಿ ಇದೆ. ಮದುವೆ ಕಾಗದ, ತಿಥಿ ಕಾಗದ, ಗೃಹಪ್ರವೇಶದ ಫ್ಲೆಕ್ಸು, ಹುಟ್ಟುಹಬ್ಬದ ಬ್ಯಾನರು, ಏನೇ ಬಂದರೂ ಇಲ್ಲ ಅನ್ನುವುದಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಕ್ಷರ ಕೂರಿಸುತ್ತೇನೆ. ಆದರೆ ಸ್ವಂತವಾಗಿ ಬರೆಯುವುದು ಕನ್ನಡದಲ್ಲಿ ಮಾತ್ರ, ಮತ್ತು ಅದೇ ನನ್ನ ಜಂಬ. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಸಾಲು ಬೇಕೆಂದರೂ, ಪಂಚಾಯ್ತಿಗೊಂದು ಅರ್ಜಿ ಬೇಕೆಂದರೂ ಜನ ಹುಡುಕಿಕೊಂಡು ಬರುತ್ತಾರೆ. ಓದಿ ಕಣ್ಣೊರೆಸಿಕೊಂಡವರೂ ಇದ್ದಾರೆ. ಅಂಥ ದಿನ ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆ ಇರುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಊರಿನ ಕೆಲವು ಉತ್ಸಾಹಿಗಳು ಸೇರಿ ಒಂದು ಸಮಿತಿ ಕಟ್ಟಿಕೊಂಡರು. ಭಾನುವಾರ ಬಂತೆಂದರೆ ಬೆಂಗಳೂರಿನವರು ಕಾರು ಹತ್ತಿ ಚಿನ್ನದ ಗಣಿಯ ಮಣ್ಣು ಸುರಿದು ಎದ್ದ ನಮ್ಮ ಸಯನೈಡ್ ದಿಬ್ಬ ನೋಡಲು ಬರುತ್ತಾರೆ, ಮೇಲೆ ಹತ್ತಿ ಫೋಟೋ ಹೊಡೆದುಕೊಂಡು ಒಂದು ಟೀ ಕೂಡ ಕುಡಿಯದೆ ವಾಪಸ್ ಹೋಗುತ್ತಾರೆ. ಹಾಗಾಗದೆ ಅವರನ್ನು ಹಳ್ಳಿಗಳ ಮೇಲೆ ಸುತ್ತಾಡಿಸಿಕೊಂಡು ಕಳಿಸಿದರೆ ಹಳ್ಳಿಯವರಿಗೂ ಏನಾದರೂ ದಕ್ಕುತ್ತದಲ್ಲ ಎನ್ನುವುದು ಸಮಿತಿಯ ಲೆಕ್ಕಾಚಾರ. ಬಂಗಾರಪೇಟೆಯಿಂದ ಹೊರಟು ಕಾಮಸಮುದ್ರದ ಕಡೆಗೆ, ಅಲ್ಲಿಂದ ಗುಡ್ಡಗಳ ಬದಿಯಲ್ಲಿ ಬಳಸಿಕೊಂಡು ಚಾಂಪಿಯನ್ ರೀಫ್ಸಿಗೆ ಬಂದು ಮುಗಿಯುವ ಒಂದು ಕಾರಿನ ದಾರಿ. ಮಾವಿನ ತೋಪು, ಕೆರೆ ಏರಿ, ಬಂಡೆಗುಡ್ಡ, ಕೊನೆಗೆ ಗಣಿಯ ಕಬ್ಬಿಣದ ಗೋಪುರ. ಅದಕ್ಕೊಂದು ಕರಪತ್ರ ಬೇಕು, ನಕ್ಷೆ ಬೇಕು, ಓದಿದವರಿಗೆ ಆಸೆಯಾಗುವಂತೆ ಮಾತು ಬೇಕು. ಕಾರ್ಯದರ್ಶಿಗಳು ಬಂದು, "ಅಣ್ಣಾ, ನೀವೇ ಬರೆಯಬೇಕು, ಬೇರೆಯವರ ಕೈಲಿ ಆಗಲ್ಲ" ಅಂದರು. ಅಷ್ಟು ಸಾಕಿತ್ತು.

ಆ ದಾರಿ ಅಕ್ಕನ ಊರಿನ ಮೇಲೆ ಹೋಗುತ್ತಿತ್ತು. ಹೋಗುವಂತೆ ಮಾಡಿದವನು ನಾನೇ. ಕಾಮಸಮುದ್ರ ದಾಟಿ ಆಂಧ್ರದ ಗಡಿಯ ಕಡೆಗಿರುವ ಸಣ್ಣ ಹಳ್ಳಿ ಅದು, ಡಾಂಬರು ರಸ್ತೆಯ ಎರಡೂ ಪಕ್ಕ ಮನೆಗಳು. ಅಕ್ಕ ಭಾವ ಇಬ್ಬರೇ ಇರುತ್ತಾರೆ, ಎರಡು ಸೀಮೆಹಸು, ಗುಡ್ಡದ ಕೆಳಗೆ ಒಂದಿಷ್ಟು ಹೊಲ. ರಾಗಿಯ ಜೊತೆಗೆ ಹುರುಳಿ ಹಾಕುತ್ತಾರೆ. ಚಳಿಗಾಲದಲ್ಲಿ ಹುರುಳಿ ಕಿತ್ತ ಮೇಲೆ ಊರಿನವರೆಲ್ಲ ಗಿಡಗಳನ್ನು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಟ್ರಾಕ್ಟರು ಅದರ ಮೇಲೆ ಓಡಾಡಿ ಕಾಯಿ ಬಿಡಿಸುತ್ತವೆ. ಕವಲು ಕೋಲಿನಲ್ಲಿ ಮಗುಚಿ ಮಗುಚಿ ಹಾಕಿ, ಸಂಜೆಗೆ ಗುಡಿಸಿ, ಮೊರದಲ್ಲಿ ತೂರಿದರೆ ಕಾಳು ಒಂದು ಕಡೆ, ಹಸುವಿಗೆ ಹೊಟ್ಟು ಒಂದು ಕಡೆ. ಹಿಂದೆ ಸಗಣಿ ಸಾರಿಸಿದ ಕಣ ಇತ್ತು, ತುಳಿಯಲು ಎತ್ತುಗಳಿದ್ದವು. ಎತ್ತು ಹೋದ ಮೇಲೆ ಕಣವೂ ಹೋಯಿತು. ಈಗ ನಮ್ಮ ಸೀಮೆಯಲ್ಲಿ ರಸ್ತೆಯೇ ಕಣ, ಇದು ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ.

ಕರಪತ್ರಕ್ಕೆಂದು ನಾನು ಅಲ್ಲಿ ಹೋದದ್ದು ಸರಿಯಾಗಿ ಆ ಹಂಗಾಮಿನಲ್ಲೇ. ಅಕ್ಕ ಸೆರಗು ತಲೆಗೆ ಸುತ್ತಿಕೊಂಡು ರಸ್ತೆ ಮಧ್ಯೆ ಹುರುಳಿ ಮಗುಚುತ್ತಿದ್ದಳು. ನಾನು ಮೊಬೈಲು ಎತ್ತಿದ್ದು ನೋಡಿ, "ಥೂ, ಈ ಅವತಾರದಾಗೆ ಯಾಕ್ಲಾ ಪೋಟ ಇಡೀತೀಯ?" ಎಂದು ನಕ್ಕಳು. ಆ ನಗುವೇ ಚಿತ್ರಕ್ಕೆ ಸಿಕ್ಕಿತು. ಅಂಗಡಿಗೆ ಬಂದು ಕೂತು ಅದರ ಕೆಳಗೆ ಬರೆದೆ: ದಾರಿಯಲ್ಲಿ ಹುರುಳಿ ಹಾಸಿದ್ದರೆ ಹಿಂಜರಿಯಬೇಡಿ, ಮೆಲ್ಲಗೆ ಅದರ ಮೇಲೆಯೇ ಸಾಗಿರಿ, ನಿಮ್ಮ ಗಾಡಿಯ ಚಕ್ರ ಈ ತಾಯಿಯ ಒಕ್ಕಣೆಗೆ ನೆರವಾಗಲಿ.

ಮೊದಲು ಅದರ ಮುಂದೆ ಇನ್ನೊಂದು ಸಾಲಿತ್ತು. ದಾಟಿದ ಮೇಲೆ ಗಾಡಿ ನಿಲ್ಲಿಸಿ, ಅಡಿಯಲ್ಲಿ ಸುತ್ತಿಕೊಂಡ ಬಳ್ಳಿಯನ್ನು ಎಳೆದು ತೆಗೆಯಿರಿ ಎಂದು. ಹುರುಳಿಯ ಒಣಬಳ್ಳಿ ನೂಲಿನಂತೆ ಸುತ್ತಿಕೊಳ್ಳುವ ಜಾತಿ, ಸೈಲೆನ್ಸರಿನ ಬಿಸಿಗೆ ತಗುಲಿದರೆ ಹತ್ತಿಕೊಳ್ಳುತ್ತದೆ. ಬಸ್ಸು ಲಾರಿ ಎತ್ತರ, ಅವಕ್ಕೆ ಚಿಂತೆಯಿಲ್ಲ. ನಮ್ಮ ಕಡೆಯ ಆಟೋದವರು, ಕಾರಿನವರು ಹುರುಳಿ ದಾಟಿದ ಕೂಡಲೇ ಇಳಿದು, ಬಗ್ಗಿ, ಕೈಹಾಕಿ ಕಿತ್ತುಹಾಕಿಯೇ ಮುಂದೆ ಹೋಗುತ್ತಾರೆ. ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಅದಕ್ಕೇ ಬರೆದಿದ್ದೆ. ಆದರೆ ಆ ಸಾಲು ಸಣ್ಣಗೆ ಮೆಕ್ಯಾನಿಕ್ ಮಾತಿನ ಹಾಗೆ ಕಂಡಿತು. ಅದಿದ್ದರೆ ಮೇಲಿನ ಸಾಲಿನ ಸೊಗಸು ಕೆಡುತ್ತದೆ ಅನ್ನಿಸಿತು. ಅಳಿಸಿದೆ. ಕಾರ್ಯದರ್ಶಿ ಹೇಳಿದ್ದಲ್ಲ, ಜಾಗ ಸಾಲದೆ ಬಿಟ್ಟದ್ದೂ ಅಲ್ಲ. ನಾನೇ ಕೂತು, ಚೆನ್ನಾಗಿ ಕಾಣಲಿ ಎಂದು ಅಳಿಸಿದೆ.

ಕರಪತ್ರ ಅಚ್ಚಾದ ದಿನ ಮೊದಲ ಕಟ್ಟನ್ನು ಅಕ್ಕನ ಮನೆಗೇ ಒಯ್ದೆ. ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಅಕ್ಕ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಅಕ್ಷರ ಕೂಡಿಸುವಷ್ಟರಲ್ಲಿ ಸುಸ್ತಾಗುತ್ತಾಳೆ, ಕೇಳಿದರೆ ಮಾತ್ರ ಒಂದು ಮಾತೂ ಮರೆಯುವುದಿಲ್ಲ. ತಾಯಿ ಎನ್ನುವ ಕಡೆ ಭಾವ ಕಿಚಾಯಿಸಿದರು. ಅವಳು ಕರಪತ್ರವನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿಟ್ಟಳು. ಜನವರಿಯ ಭಾನುವಾರಗಳಲ್ಲಿ ಕಾರುಗಳು ಬರತೊಡಗಿದವು. ಕೆಲವರು ಅಕ್ಕನನ್ನು ಗುರುತು ಹಿಡಿದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅವಳು ಮಜ್ಜಿಗೆ ಕಡೆದಿಟ್ಟಳು, ಬೇಯಿಸಿದ ಕಡಲೇಕಾಯಿ ಇಟ್ಟಳು. ಎದುರು ಮನೆಯವರು, ಮೂಲೆ ಮನೆಯವರು ಕೂಡ ಏನೇನೋ ಇಟ್ಟುಕೊಂಡು ಕೂತರು. ಅಕ್ಕ ಫೋನು ಮಾಡಿ, "ನಿನ್ನಿಂದ ಊರಿಗೆ ಕಳೆ ಬಂತು ಕಣ್ಲಾ" ಅಂದಳು. ನಾನು ಉಬ್ಬಿದೆ.

ಮೂರನೆಯದೋ ನಾಲ್ಕನೆಯದೋ ಭಾನುವಾರ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಆಕೆಯ ತಾಯಿ. ತಗ್ಗಾದ ಕಾರು. ವಿಡಿಯೋ ಚೆನ್ನಾಗಿ ಬರಲೆಂದು ಹುರುಳಿಯ ಮೇಲೆ ಹಿಂದೆ ಮುಂದೆ ನಾಲ್ಕು ಸಲ ಓಡಿಸಿದರಂತೆ. ಅಕ್ಕ ಮಜ್ಜಿಗೆ ಕೊಡುತ್ತ, "ಸಾಮಿ, ಸ್ವಲ್ಪ ಇಳ್ದು ಕೆಳೀಕೆ ನೋಡ್ಕಂಡ್ ಓಗಿ" ಎಂದು ಹೇಳಿದ್ದಳು. ಅವರಿಗೆ ಅರ್ಥವಾಗಲಿಲ್ಲವೋ, ಯಾಕೆ ಎಂದು ತೋಚಲಿಲ್ಲವೋ, ಕೈ ಬೀಸಿ ಹೊರಟರು. ಊರು ದಾಟಿ ದಿಣ್ಣೆ ಏರುವಾಗ ಹೊಗೆ ಬಂತು. ಗಂಡ ಹೆಂಡತಿ ಹಾರಿಕೊಂಡರು. ಹಿಂದಿದ್ದ ಮುದುಕಿಗೆ ಮಂಡಿ ನೋವು, ಬೇಗ ಇಳಿಯಲಾಗಲಿಲ್ಲ. ಹೊಲದಲ್ಲಿದ್ದ ಭಾವನೇ ಓಡಿಹೋಗಿ ಎಳೆದು ಹಾಕಿದರು. ಅಷ್ಟರಲ್ಲಿ ಆಕೆಯ ಒಂದು ಪಾದ, ಸೀರೆಯ ಅಂಚು ಸುಟ್ಟಿತ್ತು. ಕಾರು ಬೂದಿಯಾಯಿತು.

ಮಾರನೆಯ ದಿನ ಬೆಳಿಗ್ಗೆ ಭಾವನ ಫೋನು. ಠಾಣೆಗೆ ಕರೆದಿದ್ದಾರೆ, ನೀನು ಓದಿದವನು, ಬಾ ಎಂದು. ಹೋದೆ. ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು, ಹೊಸ ಸೀರೆ ಉಟ್ಟಿದ್ದಳು. ಠಾಣೆಗೆ ಯಾಕೆ ಹೊಸ ಸೀರೆ ಉಟ್ಟಳೋ. ಕಾರಿನ ಯಜಮಾನರು ಕೂಗಾಡುವ ಮನುಷ್ಯರಲ್ಲ. ಅತ್ತೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದರು. ಜೇಬಿನಿಂದ ಮಡಿಸಿದ ಕರಪತ್ರ ತೆಗೆದು, ಚಿತ್ರದ ಮೇಲೆ ಬೆರಳಿಟ್ಟು, "ಇವರೇ ಸರ್, ಹರಡಿದ್ದು" ಅಂದರು.

ಸಾಹೇಬರು ಕರಪತ್ರವನ್ನು ಕೈಗೆ ತೆಗೆದುಕೊಂಡರು. ಕೆಳಗೆ ಸಣ್ಣಕ್ಷರದಲ್ಲಿ ನನ್ನ ಅಂಗಡಿಯ ಹೆಸರಿತ್ತು, ಅವರ ಹೆಬ್ಬೆರಳು ಅದರ ಮೇಲೇ ಇತ್ತು.

"ಇದನ್ನ ಯಾರ್ರೀ ಮಾಡ್ಸಿದ್ದು?"

"ಯಾವುದೋ ಸಮಿತಿ ಸರ್" ಅಂದೆ.

ಸುಳ್ಳಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಅದು ಸುಳ್ಳಲ್ಲ ಎನ್ನುವುದೇ. ಸಾಹೇಬರು ಕರಪತ್ರವನ್ನು ಪಕ್ಕಕ್ಕಿಟ್ಟು, ಕೇಸು ಗೀಸು ಬೇಡ, ಬಡವರು, ಒಂದು ಮುಚ್ಚಳಿಕೆ ಬರೆದುಕೊಡಲಿ, ಕಾರಿನವರಿಗೂ ವಿಮೆಗೆ ಒಂದು ಕಾಗದ ಸಿಕ್ಕಂತಾಗುತ್ತದೆ ಎಂದರು. ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದು ಸಹಿ ಹಾಕುವ ಕಾಗದ. ಭಾವ ನನ್ನ ಮುಖ ನೋಡಿದರು. "ಇವ್ನು ಚೆನ್ನಾಗಿ ಬರೀತಾನೆ ಸಾಮಿ" ಎಂದು ಅಕ್ಕನೇ ಹೇಳಿದಳು.

ಬರೆದೆ. ಬಿಳಿಹಾಳೆಯ ಎಡಕ್ಕೆ ಅಂಚು ಬಿಟ್ಟು, ಮುದ್ದಾಗಿ ಬರೆದೆ. ನಾನು ಸಾರ್ವಜನಿಕ ರಸ್ತೆಯಲ್ಲಿ ಹುರುಳಿ ಗಿಡಗಳನ್ನು ಹರಡಿದ್ದು ನಿಜ, ಅದರಿಂದಲೇ ಸದರಿ ಕಾರಿಗೆ ಬೆಂಕಿ ತಗುಲಿದ್ದು ನಿಜ, ಇದಕ್ಕೆ ನಾನೇ ಹೊಣೆ, ಇನ್ನು ಮುಂದೆ ಯಾವ ಕಾರಣಕ್ಕೂ ರಸ್ತೆಯಲ್ಲಿ ಒಕ್ಕಣೆ ಮಾಡುವುದಿಲ್ಲ. ಕಾರಿನವರಿಗೆ ಅದರ ಮೇಲೆ ಓಡಿಸಿ ಎಂದು ಹೇಳಿದವರು ಯಾರು ಎನ್ನುವ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಬರೆದರೆ ಅಂಗಡಿ, ಸಮಿತಿ, ಊರಿನ ಮಾತು, ಆಸ್ಪತ್ರೆಯ ಮುದುಕಿ, ಎಲ್ಲ ನನ್ನ ಬಾಗಿಲಿಗೆ. ಬರೆಯದಿದ್ದರೆ ಇಲ್ಲಿಗೆ ಮುಗಿಯಿತು, ಅಕ್ಕನಿಗೂ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೂರ್ಣವಿರಾಮ ಇಟ್ಟೆ. ಅವಳಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಇನ್ನೂ ಏನೋ ಇದೆಯೇನೋ ಎಂಬಂತೆ ನನ್ನನ್ನೇ ನೋಡಿದಳು.

"ಅಷ್ಟೇನಾ?" ಅಂದಳು.

"ಅಷ್ಟೇ ಅಕ್ಕ."

ಪೆನ್ನು ಇಸಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಅವಳಿಗೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆನಲ್ಲ, ಆದದ್ದನ್ನು ಹೇಳುತ್ತೇನೆ. ಸಮಿತಿಯವರು ಆ ಊರನ್ನು ಬಿಟ್ಟು ದಾರಿಯನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಹೊಸ ನಕ್ಷೆಯನ್ನು ಅಚ್ಚು ಹಾಕಿದ್ದೂ ನನ್ನ ಅಂಗಡಿಯಲ್ಲೇ. ಭಾನುವಾರ ಕಾರಿಗಾಗಿ ಕಾದು ಕೂತಿದ್ದ ಎದುರು ಮನೆಯವರು, ಮೂಲೆ ಮನೆಯವರು ಸಿಟ್ಟನ್ನು ಸಮಿತಿಯ ಮೇಲೆ ತೀರಿಸಿಕೊಳ್ಳಲಿಲ್ಲ, ನನ್ನ ಮೇಲಂತೂ ಇಲ್ಲವೇ ಇಲ್ಲ. ನಾನು ಹೋದರೆ ಈಗಲೂ ಎದ್ದು ನಿಂತು ಮಾತಾಡಿಸುತ್ತಾರೆ. ಡೈರಿಗೆ ಹಾಲು ಹಾಕಲು ಹೋದಾಗ ಅಕ್ಕನಿಗೆ ಕೇಳುವಂತೆಯೇ, "ಪೋಟದಾಗೆ ನಗ್ತಾ ನಿಂತ್ಕಂಡು ಊರಿನ ಬಾಯಿಗೆ ಮಣ್ಣಾಕಿದ್ಲು" ಅಂದರಂತೆ. ಭಾವ ಇದನ್ನು ನನಗೆ ಹೇಳಿದಾಗ ನಾನು, ಜನ ಬಿಡಿ ಭಾವ, ಏನಾದರೂ ಅಂತಾರೆ ಎಂದೆ. ಎಷ್ಟು ಸಲೀಸಾಗಿ ಅಂದೆ!

ಆ ವರ್ಷವಿಡೀ ನಾನು ಅವಳ ಮನೆಗೆ ಹೋದದ್ದು ಕಡಿಮೆ. ಕೆಲಸದ ನೆವ ಯಾವಾಗಲೂ ಇದ್ದೇ ಇರುತ್ತದೆ. ಹೋದಾಗಲೂ ಹಸು, ಮಳೆ, ಟೊಮೇಟೊ ರೇಟು ಎಂದು ಮಾತು ತಿರುಗಿಸಿ ಎದ್ದು ಬರುತ್ತಿದ್ದೆ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೋದೆ. ಊರು ಇನ್ನೂ ಫರ್ಲಾಂಗು ದೂರ ಇರುವಾಗಲೇ ಬೈಕಿನ ಚಕ್ರದ ಕೆಳಗೆ ಚಟಪಟ ಸದ್ದು. ರಸ್ತೆಯ ಉದ್ದಕ್ಕೂ ಹುರುಳಿ. ಎದುರು ಮನೆಯವರದು, ಮೂಲೆ ಮನೆಯವರದು, ಎಲ್ಲರದೂ. ಬಂಗಾರಪೇಟೆಯ ಬಸ್ಸು ಅದರ ಮೇಲೆ ಹಾದು ಹೋಯಿತು. ಅಕ್ಕನ ಮನೆಯ ಮುಂದೆ ಮಾತ್ರ ಬರೀ ಡಾಂಬರು.

ಅವಳು ಹಿತ್ತಲಲ್ಲಿದ್ದಳು. ಹರಕು ಟಾರ್ಪಾಲಿನ ಮೇಲೆ ಗಿಡ ಗುಡ್ಡೆ ಹಾಕಿಕೊಂಡು ಕೋಲಿನಲ್ಲಿ ಬಡಿಯುತ್ತಿದ್ದಳು. ಭುಜಕ್ಕೆ ಎಣ್ಣೆ ಹಚ್ಚಿದ ವಾಸನೆ. ವಾರದಿಂದ ಬಡಿಯುತ್ತಿದ್ದಾಳಂತೆ, ಅರ್ಧವೂ ಮುಗಿದಿಲ್ಲ. ನಾನು ಸಿಟ್ಟಿನಿಂದ, "ಎಲ್ಲಾರೂ ರೋಡಿಗೆ ಹಾಕವ್ರೆ, ನೀನ್ಯಾಕೆ ಇಲ್ಲಿ ಸಾಯ್ತಾ ಇದೀಯ?" ಎಂದೆ. ನನ್ನ ಸಿಟ್ಟು ಯಾರ ಮೇಲಿತ್ತೋ.

"ಅವ್ರು ಸೈನ್ ಆಕಿಲ್ವಲ್ಲ. ನಾನ್ ಆಕಿದೀನಿ" ಅಂದಳು.

ಅವಳ ಕೈಯಿಂದ ಕೋಲು ಕಿತ್ತುಕೊಂಡು ನಾನು ಬಡಿಯತೊಡಗಿದೆ. ಪೇಟೆಯ ಕೈ, ಕಾಲು ಗಂಟೆಗೇ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಅವಳು ಪಕ್ಕದಲ್ಲಿ ಕೂತು ಕಾಳು ಸರಿಸುತ್ತಿದ್ದಳು. ತಲೆ ಎತ್ತದೆ ಹೇಳಿದೆ. ಮುಚ್ಚಳಿಕೆಯಲ್ಲಿ ನನ್ನ ಹೆಸರೂ ಇರಬೇಕಾಗಿತ್ತು, ಓಡಿಸಿ ಎಂದು ಬರೆದವನು ನಾನು, ಇಳಿದು ನೋಡಿ ಎನ್ನುವ ಸಾಲನ್ನು ಅಳಿಸಿದವನೂ ನಾನು. ಹೆದರಿಕೊಂಡೆ ಅಕ್ಕ, ಅಂದೆ.

"ಗೊತ್ತು" ಅಂದಳು. "ಕರಪತ್ರ ನೀನೇ ಓದಿ ಏಳಿರಲಿಲ್ವಾ ನಂಗೆ? ಸ್ಟೇಸನ್ನಾಗೆ ನೀನು ಓದಿದ್ದು ಮುಗೀತಿದ್ದಂಗೇ ಗೊತ್ತಾಯ್ತು."

"ಮತ್ತೆ ಅವತ್ತೇ ಯಾಕೆ ಕೇಳ್ಲಿಲ್ಲ? ಒಂದು ಮಾತು ಕೇಳಿದ್ರೆ ಬರೀತಿದ್ದೆ."

ಅವಳು ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿ ಮೊದಲ ಸಲ ನನ್ನ ಮುಖ ನೋಡಿದಳು.

"ಬರೀತಿದ್ದೆ ಕಣ್ಲಾ, ನಂಗ್ಗೊತ್ತು. ಆದ್ರೆ ಅದು ನಾನ್ ಬರ್ಸಿದಂಗಾಯ್ತಿತ್ತು" ಎಂದು ಹೇಳಿ, ಹೊಟ್ಟಿನ ಮಂಕರಿ ಎತ್ತಿಕೊಂಡು ಹಸುಗಳ ಕಡೆಗೆ ಹೋದಳು.