ಅವ್ವ ಮೆಟ್ಟಿಲು ಹತ್ತಿದ ಮನೆ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ನಗು. ಶಾಲೆಯ ಮಕ್ಕಳು ಹುಣಸೆಮರಕ್ಕೆ ಹೆದರಿದರೆ ಅದೇ ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದವಳು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ಶಹಾಪುರದ ಆ ಮನೆಯಲ್ಲಿ ಕಂಡದ್ದನ್ನು ಸುಳ್ಳೆನ್ನಲು ನಾಲಿಗೆ ಏಳುವುದಿಲ್ಲ.

ಆಗ ನಮ್ಮ ಕಡೆಗೆ ಕಾಲುವೆ ನೀರು ಬಂದು ಕೆಲವು ವರ್ಷವಾಗಿತ್ತು. ನನ್ನವರು ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಶಹಾಪುರದಲ್ಲಿ ಅಂಗಡಿಯೊಂದರ ಮೇಲೆ ಎರಡು ಕೋಣೆ ಬಾಡಿಗೆ ಹಿಡಿದಿದ್ದೆವು. ಲಕ್ವ ಹೊಡೆದು ನಮ್ಮವ್ವನ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು. ನಾನೊಬ್ಬಳೇ ಮಗಳು, ನಮ್ಮೂರು ಸಗರದಿಂದ ಕರೆತಂದು ಇಟ್ಟುಕೊಂಡಿದ್ದೆ. ನನ್ನನ್ನು ಕಂಡರೆ ಕಣ್ಣರಳಿಸುತ್ತಿದ್ದಳು, ಅದೇ ನಮ್ಮಿಬ್ಬರ ಮಾತು. ಆಸ್ಪತ್ರೆಗೆ ಒಯ್ಯಬೇಕೆಂದರೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಬೇಕಿತ್ತು. ಮೆಟ್ಟಿಲಿಲ್ಲದೆ ಒಳಗೆ ಹೋಗುವಂಥ ಮನೆ, ಅವಳಿಗೆ ಬಿಸಿಲು ಕಾಯಿಸಲು ಒಂದು ಹಿತ್ತಲು, ಇಷ್ಟೇ ನಮಗೆ ಬೇಕಿದ್ದದ್ದು.

ದಲಾಲಿ ಮಾರಾಟಕ್ಕೆಂದು ತೋರಿಸಿದ ಮನೆ ಕಾಳುಕಡಿ ಮಾರುವ ಗಂಜಿನ ದಾರಿಯಲ್ಲಿತ್ತು. ಒಳಗಿನಿಂದಲೇ ಮೆಟ್ಟಿಲಿದ್ದ ಎರಡಂತಸ್ತು. ತಾನೇ ಕಟ್ಟಿಸಿದವನ ಹಾಗೆ "ಡುಪ್ಲೆಕ್ಸ್" ಎಂದು ಬಾಯ್ತುಂಬ ಹೇಳುತ್ತಿದ್ದ. ಮುಂದೆ ಚಹಾದಂಗಡಿ, ಭಜಿ ಬಂಡಿ, ದಿನವಿಡೀ ಗದ್ದಲ. ಹಿಂದೆ ದಾಳಿಂಬೆ, ಮಲ್ಲಿಗೆ, ಕಾಲುವೆ ಬಂದ ಮೇಲೆ ನೀರು ಮೇಲೇರಿದ್ದ ಬಾವಿ. ಮಾಲೀಕರು ಹೈದರಾಬಾದಿನಲ್ಲಿದ್ದರು. ಮನೆಗೆ ಬಹಳ ದಿನದಿಂದ ಬೀಗ. ಅವ್ವನೂ ಒಮ್ಮೆ ನೋಡಲಿ ಎಂದು ರವಿವಾರ ಮಧ್ಯಾಹ್ನ ಅವಳನ್ನು ಆಟೋದಲ್ಲಿ ಕರೆದೊಯ್ದೆವು.

ಪಡಸಾಲೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ನಾವಿಬ್ಬರೂ ದಲಾಲಿಯೂ ಬಾವಿ ನೋಡಲು ಹಿತ್ತಲಿಗೆ ಹೋದೆವು. ಮರಳಿ ಬಂದರೆ ಕುರ್ಚಿ ಖಾಲಿ. ಮುಂಬಾಗಿಲಿಗೆ ನಾನು ಹಾಕಿದ ಚಿಲಕ ಹಾಗೇ ಇತ್ತು. ಮೇಲಿನಿಂದ ಯಾರೋ ಬಟ್ಟೆ ಝಾಡಿಸುವ ಸಪ್ಪಳ ಕೇಳಿಸಿತು. ದಲಾಲಿ ಮೆಟ್ಟಿಲ ಹತ್ತಿರವೂ ಬರಲಿಲ್ಲ.

ಮೇಲೆ ಕಿಟಕಿಯ ಬಳಿ ಅವ್ವ ನಿಂತಿದ್ದಳು. ಎರಡೂ ಕೈಯಲ್ಲಿ ಹೊದೆಯುವ ಹಳೆಯ ಕೌದಿಯೊಂದನ್ನು ಹಿಡಿದು ಝಾಡಿಸುತ್ತಿದ್ದಳು. ನನಗೆ ಮೊದಲು ಆದದ್ದು ಸಂತೋಷ, ಹೆದರಿಕೆ ಆಮೇಲೆ ಬಂತು. ಅವ್ವಾ ಎಂದು ಅಪ್ಪಿಕೊಳ್ಳಲು ಹೋದೆ. ಅವಳು ಹಿಂದೆ ಸರಿದಳು.

"ಯಾರವಾ ನೀ? ಮನಿ ನೋಡಾಕ ಬಂದಿಯೇನು?" ಎಂದಳು. ದನಿ ಅವಳದೇ, ಮಾತು ಸ್ವಚ್ಛ. "ನಾವು ಈ ಮನಿ ಮಾರಂಗಿಲ್ಲ. ಹೋಗ್ರಿ."

ನನ್ನ ಹೆಸರು ಹೇಳಿದೆ. ಅಪ್ಪನ ಹೆಸರು ಹೇಳಿದೆ, ಸಗರದ ಮನೆಯ ನೆನಪು ಮಾಡಿಕೊಟ್ಟೆ. ಅವಳು ಕೌದಿ ಮಡಚುತ್ತಾ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಪರಕೀಯಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಅಷ್ಟು ಅನಾಥಳಾಗಿ ನಾನು ಮುಂದೆ ಅವಳು ಸತ್ತ ದಿನವೂ ನಿಲ್ಲಲಿಲ್ಲ.

ಕಡೆಗೆ ನನ್ನವರು ಅವ್ವನ ರಟ್ಟೆ ಹಿಡಿದು ಇಳಿಸಿದರು. ಬೈಯುತ್ತಾ, ತನ್ನ ಕಾಲಮೇಲೆಯೇ ಇಳಿದಳು. ಹೊಸ್ತಿಲು ದಾಟಿದ್ದೇ ಎಡಗಾಲು ಕುಸಿಯಿತು. ಚಹಾದಂಗಡಿಯವರು ಓಡಿಬಂದು ಎತ್ತಿದರು. ಆಟೋದಲ್ಲಿ ನನ್ನ ಮುಖ ನೋಡಿ ಕಣ್ಣರಳಿಸಿದಳು. ಮಾತು ಹೋಗಿತ್ತು. ಡಾಕ್ಟರರು ಒಮ್ಮೊಮ್ಮೆ ಹೀಗಾಗುತ್ತದೆ ಎಂದರು, ಹೇಗಾಗುತ್ತದೆ ಎಂದು ಹೇಳಲಿಲ್ಲ.

ನನ್ನವರು ಆ ಮನೆಯನ್ನೇ ಕೊಳ್ಳೋಣವೆಂದು ಪಟ್ಟು ಹಿಡಿದರು.

"ಅಲ್ಲಿ ಅತ್ತಿ ನಡದಾಡ್ತಾರ. ನಿನಗ ಇನ್ನೇನು ಬೇಕು?"

"ನಡದಾಡಾಕಿ ನಮ್ಮವ್ವ ಅಲ್ಲ," ಎಂದೆ. ಮನೆಯನ್ನು ಬೇರೆ ಯಾರೋ ಕೊಂಡರು. ಅವರಿಗೆ ಏನೂ ಆಗಲಿಲ್ಲವೆಂದು ಕೇಳಿದ್ದೇನೆ.

ಅವ್ವ ಆ ಬಾಡಿಗೆ ಕೋಣೆಯಲ್ಲೇ ಇನ್ನೆರಡು ಬೇಸಿಗೆ ನರಳಿದಳು. ಬೆನ್ನೆಲ್ಲ ಹುಣ್ಣಾಗಿತ್ತು. ಒಂದು ದಿನ ಅದನ್ನು ತೊಳೆಯುತ್ತಾ ನೋಡಲಾರದೆ ಕೇಳಿಬಿಟ್ಟೆ: "ಅವ್ವಾ, ಆ ಮನಿಗಿ ಹೋಗೂನೇನು?"

ಅವಳು ಅಳತೊಡಗಿದಳು. ಹೋಗೋಣವೆಂದು ಅತ್ತಳೋ, ಬೇಡವೆಂದು ಅತ್ತಳೋ, ನನಗೆ ಇಂದಿಗೂ ಗೊತ್ತಿಲ್ಲ.